ನೋವು ಹೋದ ಮೇಲೆ

ಸುಮಾರು ಇಪ್ಪತ್ತು ವರ್ಷಗಳ ಕಾಲ ನಾನು ಪ್ರತಿ ಹೊಸ ತರಗತಿಗೂ ಒಂದು ಕಥೆ ಹೇಳುತ್ತಿದ್ದೆ. 2002ರ ಮೇ ತಿಂಗಳು. ವೆಸ್ಟ್ ಇಂಡೀಸ್‌ನ ಆಂಟಿಗಾ ದ್ವೀಪದಲ್ಲಿ ಟೆಸ್ಟ್ ಪಂದ್ಯ. ಬ್ಯಾಟ್ ಮಾಡುತ್ತಿದ್ದ ನಮ್ಮ ಅನಿಲ್ ಕುಂಬ್ಳೆಯವರ ದವಡೆಗೆ ಮರ್ವಿನ್ ಡಿಲನ್ ಎಸೆದ ಚೆಂಡು ಬಡಿದು ಮೂಳೆ ಮುರಿಯಿತು. ಇನ್ನೊಬ್ಬರಾಗಿದ್ದರೆ ಹಾಸಿಗೆ ಹಿಡಿಯುತ್ತಿದ್ದರು. ಕುಂಬ್ಳೆ ತಲೆಯಿಂದ ಗದ್ದದವರೆಗೆ ಬಿಳಿ ಪಟ್ಟಿ ಸುತ್ತಿಕೊಂಡು ಮೈದಾನಕ್ಕಿಳಿದರು. 14 ಓವರ್ ಎಸೆದರು. ಬ್ರಯಾನ್ ಲಾರಾ ಅವರ ವಿಕೆಟ್ ಪಡೆದರು. ಇಷ್ಟು ಹೇಳುವಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗರೂ ನೆಟ್ಟಗೆ ಕೂರುತ್ತಿದ್ದರು. 'ನೋಡಿ ಮಕ್ಕಳೇ, ಛಲ ಅಂದರೆ ಇದು' ಎಂದು ನಾನು ಕಥೆ ಮುಗಿಸುತ್ತಿದ್ದೆ.

ಈಗ ಆ ಕಥೆಯನ್ನು ಅಷ್ಟಕ್ಕೇ ಮುಗಿಸುವುದಿಲ್ಲ. ಏಕೆಂದು ಹೇಳಲು ಈ ಬರಹ.

2022ರ ಆಗಸ್ಟ್. ಬೆಳ್ಳಾವಿಯಲ್ಲಿ ಹೋಬಳಿ ಮಟ್ಟದ ಕ್ರೀಡಾಕೂಟ. ದೈಹಿಕ ಶಿಕ್ಷಕರು ಆ ವಾರ ಬೇರೆ ಕೆಲಸದ ಮೇಲೆ ಹೋಗಿದ್ದರಿಂದ ಹುಡುಗಿಯರ ಕಬಡ್ಡಿ ತಂಡದ ಜವಾಬ್ದಾರಿ ನನ್ನ ಪಾಲಿಗೆ ಬಂದಿತ್ತು. ನನಗೆ ಕಬಡ್ಡಿಯ ನಿಯಮ ಗೊತ್ತಿದ್ದದ್ದು ಅಷ್ಟಕ್ಕಷ್ಟೇ. ಆದರೆ ತಂಡದಲ್ಲಿ ಒಂಬತ್ತನೇ ತರಗತಿಯ ಒಬ್ಬ ಹುಡುಗಿ ಇದ್ದಳು. ಅವಳು ರೈಡ್‌ಗೆ ಹೋದರೆ ಸಾಕು, ಸುತ್ತ ನಿಂತವರು ಮಾತು ನಿಲ್ಲಿಸುತ್ತಿದ್ದರು. ಬೋನಸ್ ಗೆರೆಯನ್ನು ಒಂದು ಕಾಲಲ್ಲಿ ತುಳಿದು, ಗಕ್ಕನೆ ತಿರುಗಿ, ಹಿಡಿಯ ಬಂದವರ ಕೈಯಿಂದ ಜಾರಿ ಬರುವುದು ಅವಳ ವಿಶೇಷ. ಅವಳ ಹೆಸರು ಇಲ್ಲಿ ಬೇಡ. ಹುಡುಗಿ ಎಂದೇ ಕರೆಯುತ್ತೇನೆ.

ಕೊನೆಯ ಪಂದ್ಯದಲ್ಲಿ ಅವಳು ಹಾಗೆ ತಿರುಗಿದಾಗ ಯಾರೂ ಅವಳನ್ನು ಮುಟ್ಟಿರಲಿಲ್ಲ. ಪಾದ ನೆಲದಲ್ಲಿ ಊರಿತ್ತು, ಮೈ ತಿರುಗಿತ್ತು, ಮಂಡಿ ಒಳಕ್ಕೆ ಬಾಗಿತು. 'ಟಪ್ ಅಂತ ಸದ್ದು ಕೇಳ್ತು ಸಾರ್' ಎಂದಳು. ನಾವು ಗೆದ್ದೆವು. ಎರಡು ಗಂಟೆಯೊಳಗೆ ಮಂಡಿ ತೆಂಗಿನಕಾಯಿಯಂತೆ ಊದಿಕೊಂಡಿತು. ಐಸ್ ತರಿಸಿ ಇಟ್ಟೆವು. ಮರುದಿನ ಮನೆಯವರು ಉಳುಕು ತೆಗೆಯುವವರ ಬಳಿ ಕರೆದುಕೊಂಡು ಹೋದರು. ಅವರು ಎಣ್ಣೆ ಹಚ್ಚಿ ನೀವಿ, ಎಳೆದು, ಸೊಪ್ಪು ಕಟ್ಟಿ ಕಳಿಸಿದರು. ಮೂರು ವಾರದಲ್ಲಿ ಊತ ಇಳಿಯಿತು. ನೋವು ಹೋಯಿತು. ಹುಡುಗಿ ನಡೆದುಕೊಂಡು ಶಾಲೆಗೆ ಬಂದಳು.

ಸೆಪ್ಟೆಂಬರ್‌ನಲ್ಲಿ ತಾಲ್ಲೂಕು ಮಟ್ಟದ ಪಂದ್ಯ. 'ಆಡ್ತೀಯೇನಮ್ಮಾ?' ಎಂದು ಕೇಳಿದೆ. ಕೇಳಿದ್ದು ನಾನೇ. ಅವಳು ನಕ್ಕು, 'ಕುಂಬ್ಳೆ ದವಡೆ ಮುರ್ಕೊಂಡು ಆಡ್ಲಿಲ್ವಾ ಸಾರ್?' ಎಂದಳು.

ಮೂರನೆಯ ರೈಡ್‌ನಲ್ಲಿ ಮಂಡಿ ಮತ್ತೆ ಕುಸಿಯಿತು. ಈ ಸಲ ಅವಳು ಕೂಗಿದ ಕೂಗು ಇನ್ನೂ ನನ್ನ ಕಿವಿಯಲ್ಲಿದೆ.

ತುಮಕೂರಿನಲ್ಲಿ ಎಂ.ಆರ್.ಐ. ಮಾಡಿಸಿದಾಗ ತಿಳಿದದ್ದು ಇಷ್ಟು. ತೊಡೆಯ ಮೂಳೆಯನ್ನೂ ಕಾಲಿನ ಮೂಳೆಯನ್ನೂ ಮಂಡಿಯೊಳಗೆ ಅಡ್ಡಡ್ಡವಾಗಿ ಬಿಗಿದಿರುವ ಎರಡು ಅಸ್ಥಿರಜ್ಜುಗಳಲ್ಲಿ ಮುಂದಿನದು ಹರಿದಿತ್ತು. ವೈದ್ಯರು ಅದನ್ನು ಚಿಕ್ಕದಾಗಿ ಎ.ಸಿ.ಎಲ್. ಎನ್ನುತ್ತಾರೆ. ಅದು ಹರಿದದ್ದು ಬಹುಶಃ ಆಗಸ್ಟ್‌ನಲ್ಲೇ. ಸೆಪ್ಟೆಂಬರ್‌ನ ಕುಸಿತದಲ್ಲಿ ಮಂಡಿಯೊಳಗಿನ ಮೆತ್ತೆಯಂಥ ಮೃದ್ವಸ್ಥಿಯೂ ಸ್ವಲ್ಪ ಹರಿದಿತ್ತು. ಮೊದಲನೆಯ ಪೆಟ್ಟು ಆಟದ್ದು. ಎರಡನೆಯದಕ್ಕೆ ನಾನು ಜವಾಬ್ದಾರ.

ವಿಜ್ಞಾನದ ಮೇಷ್ಟ್ರಿಗೆ ಇದು ತಿಳಿಯಬೇಕಿತ್ತು. ಕೀಲುಗಳ ಪಾಠವನ್ನು ಚಿತ್ರ ಬರೆದು ಎಷ್ಟು ವರ್ಷ ಮಾಡಿದ್ದೇನೆ! ಮೂಳೆಯಿಂದ ಮೂಳೆಗೆ ಅಸ್ಥಿರಜ್ಜು, ಸ್ನಾಯುವಿನಿಂದ ಮೂಳೆಗೆ ಸ್ನಾಯುರಜ್ಜು ಎಂದು ಬಾಯಿಪಾಠ ಮಾಡಿಸಿದ್ದೇನೆ. ಆದರೆ ಹರಿದ ರಜ್ಜು ತಾನಾಗಿ ಕೂಡುತ್ತದೆಯೇ ಎಂದು ಒಂದು ದಿನವೂ ಯೋಚಿಸಿರಲಿಲ್ಲ. ಪರೀಕ್ಷೆಯಲ್ಲಿ ಆ ಪ್ರಶ್ನೆ ಬರುವುದಿಲ್ಲವಲ್ಲ!

ಕೈ ಕೊಯ್ದುಕೊಂಡರೆ ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪೇ ಹೊಸ ಅಂಗಾಂಶ ಬೆಳೆಯಲು ಸಾರುವೆಯಾಗುತ್ತದೆ. ಮುರಿದ ಮೂಳೆ ಕೂಡುವುದೂ ಹೀಗೆಯೇ. ಆದರೆ ಎ.ಸಿ.ಎಲ್. ಇರುವುದು ಮಂಡಿಯ ಕೀಲುದ್ರವದ ನಡುವೆ. ಹರಿದ ತುದಿಗಳ ನಡುವೆ ಹೆಪ್ಪು ನಿಲ್ಲುವುದಿಲ್ಲ, ದ್ರವ ಅದನ್ನು ಕರಗಿಸಿ ಬಿಡುತ್ತದೆ. ಸಾರುವೆ ಇಲ್ಲದೆ ಗೋಡೆ ಏಳುವುದಾದರೂ ಹೇಗೆ? ಹಾಗಾಗಿ ಊತ ಇಳಿಯುತ್ತದೆ, ನೋವು ಹೋಗುತ್ತದೆ, ನೇರವಾಗಿ ನಡೆಯಲು ತೊಂದರೆಯೂ ಇರುವುದಿಲ್ಲ. ಗಕ್ಕನೆ ತಿರುಗಿದಾಗ ಮಾತ್ರ ಮಂಡಿ ಕೈಕೊಡುತ್ತದೆ. ನೋವು ಹೋಯಿತೆಂದರೆ ಗಾಯ ಹೋಯಿತೆಂದು ನಾವು ತಿಳಿಯುತ್ತೇವೆ. ನನಗೂ ಅದೇ ಭ್ರಮೆಯಾಗಿತ್ತು.

ಹುಡುಗಿಯ ಮನೆಗೆ ಹೋದೆ. ಜಗಲಿಯ ಮೇಲೆ ಅವಳ ಅಜ್ಜಿ ಅಡಿಕೆ ಸುಲಿಯುತ್ತಿದ್ದರು. ನನ್ನನ್ನು ಕಂಡವರೇ, 'ಹೆಣ್ಮಗು ಕಾಲು ಕಣ್ ಮೇಷ್ಟ್ರೇ. ನಾಳೆ ಕುಂಟಿ ಅಂದ್ರೆ ಯಾರು ಮದ್ವೆ ಆಯ್ತಾರೆ?' ಎಂದರು. ಅಪ್ಪ ಏನೂ ಹೇಳಲಿಲ್ಲ. ಒಳಗಿನಿಂದ ಕಾಫಿ ತರಿಸಿಕೊಟ್ಟರು. ಬೈದಿದ್ದರೆ ಹಗುರಾಗುತ್ತಿತ್ತು. ಹೊರಡುವಾಗ ಬಾಗಿಲವರೆಗೆ ಬಂದು, 'ಆಪರೇಶನ್ ಮಾಡ್ಸಿದ್ರೆ ಸರಿ ಹೋಯ್ತದಾ ಸಾರ್?' ಎಂದಷ್ಟೇ ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ. ತಿಳಿದುಕೊಂಡು ಬರುತ್ತೇನೆ ಎಂದೆ.

ತಿಳಿದುಕೊಂಡಾಗ ಮೊದಲ ಆಶ್ಚರ್ಯ ಕಾದಿತ್ತು. ಎ.ಸಿ.ಎಲ್. ಹರಿದವರಿಗೆಲ್ಲ ಶಸ್ತ್ರಚಿಕಿತ್ಸೆ ಬೇಕೇ ಬೇಕು ಎಂದೇನಿಲ್ಲ. ಸ್ವೀಡನ್ನಿನಲ್ಲಿ 121 ಮಂದಿ ತರುಣ ತರುಣಿಯರನ್ನು ಎರಡು ಗುಂಪು ಮಾಡಿ ನಡೆಸಿದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಬೇಗನೆ ಶಸ್ತ್ರಚಿಕಿತ್ಸೆ. ಇನ್ನೊಂದಕ್ಕೆ ಮೊದಲು ವ್ಯಾಯಾಮ, ಅಗತ್ಯವೆನಿಸಿದರೆ ಆಮೇಲೆ ಶಸ್ತ್ರಚಿಕಿತ್ಸೆ. ಎರಡು ವರ್ಷದ ನಂತರ ಎರಡನೆಯ ಗುಂಪಿನ 59 ಮಂದಿಯಲ್ಲಿ 23 ಮಂದಿಗೆ ಮಾತ್ರ ಶಸ್ತ್ರಚಿಕಿತ್ಸೆ ಆಗಿತ್ತು. ಆದರೂ ಎರಡೂ ಗುಂಪುಗಳ ಮಂಡಿಗಳ ಸ್ಥಿತಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಎರಡೂ ಗುಂಪಿಗೆ ಸಮಾನವಾಗಿದ್ದದ್ದು ಒಂದೇ: ತಿಂಗಳುಗಟ್ಟಲೆ ಶಿಸ್ತಿನ ವ್ಯಾಯಾಮ.

ನಮ್ಮ ಹುಡುಗಿಯ ಮಂಡಿ ಮೆಟ್ಟಿಲಿಳಿಯುವಾಗಲೂ ಕುಸಿಯುತ್ತಿತ್ತು. ಮತ್ತೆ ಕಬಡ್ಡಿ ಆಡುವ ಆಸೆಯೂ ಅವಳಿಗಿತ್ತು. ಮೂಳೆಯ ಬೆಳವಣಿಗೆ ಮುಗಿದಿದೆಯೇ ಎಂದು ಎಕ್ಸ್‌ರೇ ನೋಡಿ ವೈದ್ಯರು ಶಸ್ತ್ರಚಿಕಿತ್ಸೆ ಸೂಕ್ತವೆಂದರು. ಬೆಳೆಯುವ ಮಕ್ಕಳಲ್ಲಿ ಮೂಳೆಯ ತುದಿಯ ಬೆಳವಣಿಗೆಯ ಪಟ್ಟಿಗೆ ಧಕ್ಕೆಯಾಗಬಾರದೆಂದು ಈ ಎಚ್ಚರಿಕೆ. ಆದರೆ ತಕ್ಷಣ ಮಾಡಲಿಲ್ಲ. 'ಮೊದಲು ಮಂಡಿ ಪೂರ್ತಿ ನೇರವಾಗಬೇಕು, ತೊಡೆಗೆ ಶಕ್ತಿ ಬರಬೇಕು. ಫಿಸಿಯೋಥೆರಪಿ ಮಾಡಿಸಿಕೊಂಡು ಬನ್ನಿ' ಎಂದರು. ಶಸ್ತ್ರಚಿಕಿತ್ಸೆಗೆ ಮುಂಚೆಯೇ ಫಿಸಿಯೋಥೆರಪಿಯೇ ಎಂದು ನನಗೆ ಸೋಜಿಗವಾಯಿತು. ನನ್ನ ಮಟ್ಟಿಗೆ ಅದು ಪಾರ್ಶ್ವವಾಯು ಬಡಿದ ಮುದುಕರಿಗೆ ಕರೆಂಟ್ ಕೊಡುವ ಕೋಣೆ ಅಷ್ಟೇ ಆಗಿತ್ತು.

2022ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಶಸ್ತ್ರಚಿಕಿತ್ಸೆ ಆಯಿತು. ಅಪ್ಪ ಆ ವರ್ಷದ ಕೊಬ್ಬರಿಯ ಹಣವನ್ನು ಅದಕ್ಕೆ ಸುರಿದರು. ತೊಡೆಯ ಹಿಂಭಾಗದಿಂದ ಸ್ನಾಯುರಜ್ಜುವಿನ ಒಂದು ಎಳೆಯನ್ನು ತೆಗೆದು, ಮೂಳೆಗಳಲ್ಲಿ ರಂಧ್ರ ಕೊರೆದು, ಹರಿದ ರಜ್ಜು ಇದ್ದ ಜಾಗದಲ್ಲಿ ಕೂರಿಸಿದರು. ಮೃದ್ವಸ್ಥಿಯ ಹರಿದ ಸಣ್ಣ ತುಣುಕನ್ನು ತೆಗೆದರು. ಎಲ್ಲ ಸೇರಿ ಎರಡು ಗಂಟೆಯ ಕೆಲಸ. 'ನಮ್ಮ ಕೆಲಸ ಮುಗಿಯಿತು. ಇನ್ನು ಒಂಬತ್ತು ತಿಂಗಳು ನಿಮ್ಮ ಕೆಲಸ' ಎಂದು ವೈದ್ಯರು ಕಳಿಸಿದರು.

ಬೆಳ್ಳಾವಿಯಿಂದ ತುಮಕೂರಿಗೆ ವಾರಕ್ಕೆ ಮೂರು ದಿನ ಬಸ್ಸು. ಫಿಸಿಯೋಥೆರಪಿ ಮಾಡಿಸುತ್ತಿದ್ದವರು ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮೊದಲ ದಿನ ಕರೆಂಟೂ ಇಲ್ಲ, ಯಂತ್ರವೂ ಇಲ್ಲ. ಟವೆಲ್ ಸುರುಳಿ ಸುತ್ತಿ ಮಂಡಿಯ ಕೆಳಗಿಟ್ಟು, 'ಇದನ್ನು ಕೆಳಕ್ಕೆ ಒತ್ತಮ್ಮ' ಎಂದರು. ಹುಡುಗಿ ಹಲ್ಲು ಕಚ್ಚಿ ಒತ್ತಲು ನೋಡಿದಳು. ತೊಡೆ ಅಲುಗಲಿಲ್ಲ. ಅವಳ ಕಣ್ಣಲ್ಲಿ ನೀರು ಬಂತು. ನೋವಿಗಲ್ಲ, ಅವಮಾನಕ್ಕೆ. ಇಡೀ ಹೋಬಳಿಯಲ್ಲಿ ಯಾರ ಕೈಗೂ ಸಿಗದಿದ್ದ ಕಾಲು ಒಂದು ಟವೆಲ್ಲನ್ನು ಒತ್ತಲಾರದಾಗಿತ್ತು!

ಇದಕ್ಕೂ ಒಂದು ಕಾರಣವಿದೆ. ಮಂಡಿಯೊಳಗೆ ಊತವಿದ್ದಾಗ ಅಲ್ಲಿಂದ ಹೋಗುವ ನರಸಂದೇಶಗಳು ತೊಡೆಯ ಮುಂಭಾಗದ ದೊಡ್ಡ ಸ್ನಾಯುವಿಗೆ ಬರುವ ಆಜ್ಞೆಯನ್ನು ತಡೆಯುತ್ತವೆ. ಸ್ನಾಯು ಇದೆ, ನರ ಇದೆ, ನಲ್ಲಿಯನ್ನು ಮಾತ್ರ ಯಾರೋ ತಿರುಗಿಸಿ ನಿಲ್ಲಿಸಿದಂತೆ. ಕೆಲಸವಿಲ್ಲದ ಸ್ನಾಯು ವಾರಗಳಲ್ಲೇ ಸೊರಗುತ್ತದೆ. ಬಾಹ್ಯಾಕಾಶದಲ್ಲಿ ತಿಂಗಳುಗಟ್ಟಲೆ ಇರುವ ಗಗನಯಾತ್ರಿಗಳು ದಿನಾ ವ್ಯಾಯಾಮ ಮಾಡುವುದು ಇದೇ ಭಯದಿಂದ. ಭಾರವಿಲ್ಲದ ಕಡೆ ಸ್ನಾಯುವೂ ಮೂಳೆಯೂ ಕರಗುತ್ತವೆ. ಮೂಳೆಯು ತನ್ನ ಮೇಲೆ ಬೀಳುವ ಭಾರಕ್ಕೆ ತಕ್ಕಂತೆ ತನ್ನನ್ನು ರೂಪಿಸಿಕೊಳ್ಳುತ್ತದೆ ಎಂದು ಜರ್ಮನಿಯ ವೈದ್ಯ ಜೂಲಿಯಸ್ ವೂಲ್ಫ್ 1892ರಲ್ಲೇ ಬರೆದಿದ್ದರು. ಹದವರಿತು ಭಾರ ಹೊರಿಸಿ ದೇಹವನ್ನು ಮತ್ತೆ ಕಟ್ಟುವುದೇ ಫಿಸಿಯೋಥೆರಪಿಯ ತಿರುಳು. ಭಾರ ಕಡಿಮೆಯಾದರೆ ದೇಹ ಕಲಿಯದು. ಹೆಚ್ಚಾದರೆ ಹರಿದು ಹೋದೀತು. ಎಷ್ಟು, ಯಾವಾಗ ಎಂಬುದನ್ನು ಬಲ್ಲವರು ಹೇಳಬೇಕು.

ಎರಡು ವಾರದಲ್ಲಿ ತೊಡೆ ಅಲುಗಿತು. ಆಮೇಲೆ ಕಾಲನ್ನು ನೇರವಾಗಿ ಎತ್ತುವುದು, ಹಿಮ್ಮಡಿಯನ್ನು ಜಾರಿಸಿ ಮಂಡಿ ಮಡಿಸುವುದು. ಒಂದೂವರೆ ತಿಂಗಳಿಗೆ ಊರುಗೋಲು ಮೂಲೆ ಸೇರಿ, ಚಕ್ರ ನೆಲಕ್ಕೆ ತಾಗದಂತೆ ನಿಲ್ಲಿಸಿದ ಸೈಕಲ್ ತುಳಿಯುವುದು ಶುರುವಾಯಿತು. ಮೂರು ತಿಂಗಳಿಗೆ ಜಗಲಿಯ ಮೆಟ್ಟಿಲು ಹತ್ತಿ ಇಳಿಯುವುದು, ಒಂಟಿ ಕಾಲಲ್ಲಿ ನಿಲ್ಲುವುದು. ಮುಂದೆ ಕಾಲಿಗೆ ಭಾರ ಕಟ್ಟಿ ಎತ್ತಬೇಕೆಂದಾಗ ಅಜ್ಜಿ ಹಳೆಯ ಸೀರೆಯ ತುಂಡಿನಲ್ಲಿ ಒಂದು ಕಿಲೋ ರಾಗಿ ತುಂಬಿ ಉದ್ದ ಚೀಲ ಹೊಲಿದುಕೊಟ್ಟರು. ಫಿಸಿಯೋಥೆರಪಿಯವರು ಅದನ್ನು ನೋಡಿ, ಪೇಟೆಯಲ್ಲಿ ಸಿಗುವುದಕ್ಕಿಂತ ಇದೇ ಚೆನ್ನಾಗಿದೆ ಎಂದು ಹೊಗಳಿದ್ದರಿಂದ, ಅಜ್ಜಿಗೆ ಈ ವೈದ್ಯದಲ್ಲಿ ನಂಬಿಕೆ ಹುಟ್ಟಿತು.

ಆ ರಾಗಿ ಚೀಲದ ಮೇಲೆ ನಾನು ಒಂದು ಪಾಠವನ್ನೇ ಮಾಡಿದೆ. ಕುರ್ಚಿಯ ಮೇಲೆ ಕುಳಿತು ಕಾಲನ್ನು ಚಾಚಿದಾಗ ಅದು ಒಂದು ಸನ್ನೆ. ಮಂಡಿಯೇ ಆಧಾರ ಬಿಂದು. ಭಾರ ಇರುವುದು ಸುಮಾರು 40 ಸೆಂಟಿಮೀಟರ್ ದೂರದಲ್ಲಿ. ಎಳೆಯುವ ಸ್ನಾಯುರಜ್ಜುವಿಗೆ ಸಿಗುವ ದೂರ ಸುಮಾರು 4 ಸೆಂಟಿಮೀಟರ್. ಎಂದರೆ ಒಂದು ಕಿಲೋ ಭಾರ ಎತ್ತಲು ಸ್ನಾಯು ಹತ್ತು ಕಿಲೋ ಭಾರದಷ್ಟು ಬಲ ಹಾಕಬೇಕು. ಕಾಲಿನ ಸ್ವಂತ ತೂಕದ ಲೆಕ್ಕ ಬೇರೆ. 'ಒಂದು ಕಿಲೋ ತಾನೇ' ಎಂದು ನಕ್ಕ ಹುಡುಗರಿಗೆ ಚೀಲ ಕಟ್ಟಿ ಮೂವತ್ತು ಸಲ ಎತ್ತಿಸಿದೆ. ನಗು ನಿಂತಿತು. ಹುಡುಗಿ ಮಾತ್ರ ಮೂಲೆಯಲ್ಲಿ ಕುಳಿತು ಮೊದಲ ಬಾರಿಗೆ ನಕ್ಕಳು.

ಕಷ್ಟದ ದಿನಗಳು ಬಂದದ್ದು ಆಮೇಲೆ. ನಾಲ್ಕನೆಯ ತಿಂಗಳಿಗೆ ನೋವಿಲ್ಲ, ಊತವಿಲ್ಲ. ನಡೆದರೆ ಯಾರಿಗೂ ಗೊತ್ತಾಗದು. ಮನೆಯವರು, 'ಸರಿ ಹೋಯ್ತಲ್ಲ, ಇನ್ನು ತುಮಕೂರಿಗೆ ಯಾಕೆ?' ಎಂದರು. ಬಸ್ಸಿನ ಖರ್ಚು, ಅಪ್ಪನ ಒಂದು ದಿನದ ಕೆಲಸ, ಮುಂದಿನ ವರ್ಷ ಎಸ್.ಎಸ್.ಎಲ್.ಸಿ. ಎಲ್ಲವೂ ನ್ಯಾಯವಾದ ಮಾತುಗಳೇ. ಎರಡು ವಾರ ಅವಳು ಹೋಗಲಿಲ್ಲ. ಅದು ತಿಳಿದು ನಾನೇ ಮನೆಗೆ ಹೋದೆ.

ಅವರ ತೋಟದಲ್ಲಿ ಹೊಸದಾಗಿ ನೆಟ್ಟ ತೆಂಗಿನ ಸಸಿ ಇತ್ತು. ಅದನ್ನೇ ತೋರಿಸಿ ಹೇಳಿದೆ. 'ಗರಿ ಹಸಿರಾಗಿದೆ. ಆದರೆ ಈಗ ಹಸು ಕಟ್ಟಲು ಆಗುತ್ತದೆಯೇ? ಬೇರು ಹಿಡಿದಿಲ್ಲ. ಮಗಳ ಮಂಡಿಯೂ ಹಾಗೆಯೇ.' ಇದು ಉಪಮೆ ಮಾತ್ರವಲ್ಲ. ಕಸಿ ಮಾಡಿದ ರಜ್ಜುವಿಗೆ ಮೊದಲು ರಕ್ತನಾಳಗಳಿರುವುದಿಲ್ಲ. ಮೊದಲ ಎರಡು ಮೂರು ತಿಂಗಳಲ್ಲಿ ಅದು ಕೂರಿಸಿದ ದಿನಕ್ಕಿಂತಲೂ ದುರ್ಬಲವಾಗುತ್ತದೆ. ಆಮೇಲೆ ರಕ್ತನಾಳ ಬೆಳೆದು, ಹೊಸ ಜೀವಕೋಶಗಳು ಸೇರಿ, ಎಳೆಗಳು ಮರುಜೋಡಣೆಯಾಗಿ ಗಟ್ಟಿಯಾಗಲು ವರ್ಷವೇ ಹಿಡಿಯುತ್ತದೆ. ನೋವು ಹೋಗುವುದು ಬೇಗ, ಬಲ ಬರುವುದು ನಿಧಾನ. ಈ ಎರಡರ ನಡುವಿನ ಅವಧಿಯೇ ಅಪಾಯದ್ದು. ನಾರ್ವೆ ಮತ್ತು ಅಮೆರಿಕದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಂಬತ್ತು ತಿಂಗಳವರೆಗೆ ಆಟಕ್ಕೆ ಮರಳುವುದನ್ನು ಮುಂದೂಡಿದ ಪ್ರತಿ ತಿಂಗಳಿಗೂ ಮಂಡಿಗೆ ಮತ್ತೆ ಪೆಟ್ಟಾಗುವ ಸಂಭವ ಸುಮಾರು ಅರ್ಧದಷ್ಟು ಇಳಿಯುತ್ತಿತ್ತು.

ಅಪ್ಪ ಸಸಿಯನ್ನೇ ನೋಡುತ್ತ ನಿಂತಿದ್ದರು. ಆಮೇಲೆ, 'ಸೋಮವಾರದಿಂದ ನಾನೇ ಕರ್ಕೊಂಡ್ ಹೋಯ್ತೀನಿ' ಎಂದರು.

ಆ ಬೇಸಿಗೆಯಲ್ಲೇ, 2023ರ ಮೇ 1ರಂದು, ಲಖನೌದಲ್ಲಿ ಐಪಿಎಲ್ ಪಂದ್ಯವಾಡುತ್ತಿದ್ದ ಕೆ.ಎಲ್. ರಾಹುಲ್ ಚೆಂಡಿನ ಹಿಂದೆ ಓಡುವಾಗ ತೊಡೆಗೆ ಪೆಟ್ಟು ಮಾಡಿಕೊಂಡರು. ಲಂಡನ್‌ನಲ್ಲಿ ಶಸ್ತ್ರಚಿಕಿತ್ಸೆಯಾಗಿ, ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ಪುನಶ್ಚೇತನಕ್ಕೆ ಸೇರಿದರು. ಹುಡುಗಿಗೆ ಜೊತೆಗಾರ ಸಿಕ್ಕಂತಾಯಿತು. ಅವರ ವ್ಯಾಯಾಮದ ಸುದ್ದಿ ಪತ್ರಿಕೆಯಲ್ಲಿ ಬಂದರೆ ಕತ್ತರಿಸಿ ನೋಟ್‌ಬುಕ್ಕಿನಲ್ಲಿ ಅಂಟಿಸಿಕೊಂಡಳು.

ಆಗಸ್ಟ್‌ನಲ್ಲಿ ಮತ್ತೆ ಹೋಬಳಿ ಕ್ರೀಡಾಕೂಟ. ಶಸ್ತ್ರಚಿಕಿತ್ಸೆಯಾಗಿ ಎಂಟು ತಿಂಗಳು. ಅವಳಿಗೆ ಹತ್ತನೇ ತರಗತಿ, ಶಾಲಾ ತಂಡದಲ್ಲಿ ಅದೇ ಕೊನೆಯ ಅವಕಾಶ. ಫಿಸಿಯೋಥೆರಪಿಯವರು ಒಂದು ಪರೀಕ್ಷೆ ಇಟ್ಟರು. ಒಂಟಿ ಕಾಲಲ್ಲಿ ಎಷ್ಟು ದೂರ ನೆಗೆದು ಅಲುಗದೆ ನಿಲ್ಲಬಲ್ಲಳು? ಒಳ್ಳೆಯ ಕಾಲಲ್ಲಿ 120 ಸೆಂಟಿಮೀಟರ್. ಪೆಟ್ಟಾದ ಕಾಲಲ್ಲಿ 98. ಲೆಕ್ಕ ಹಾಕಿದರೆ ಶೇಕಡ 82. ಕನಿಷ್ಠ 90 ಆಗಬೇಕು. ತೊಡೆಯ ಬಲದ ಪರೀಕ್ಷೆಯಲ್ಲೂ ಹೀಗೆಯೇ ಕೊರತೆ ಬಂತು. 'ಇನ್ನೂ ಇಲ್ಲ' ಎಂದರು.

ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದಳು. ಬಹಳ ಹೊತ್ತಾದ ಮೇಲೆ, 'ಎಂಟು ಪರ್ಸೆಂಟ್ ತಾನೇ ಸಾರ್' ಎಂದಳು. ಹಿಂದಿನ ವರ್ಷ ಆಡುತ್ತೀಯಾ ಎಂದು ಕೇಳಿದವನು ನಾನು. ಈ ವರ್ಷ ಬೇಡ ಎನ್ನುವುದೂ ನನ್ನ ಪಾಲಿಗೇ ಬಂತು. ಕ್ರೀಡಾಕೂಟದ ದಿನ ಅವಳು ಅಂಕ ಬರೆಯುವ ಮೇಜಿನ ಮುಂದೆ ಕುಳಿತಳು. ನಮ್ಮ ತಂಡ ಮೊದಲ ಪಂದ್ಯದಲ್ಲೇ ಸೋತಿತು. ಸೋಲಿನ ಅಂಕವನ್ನು ದುಂಡಗೆ ಬರೆದು ಸಹಿ ಮಾಡಿಸಿಕೊಂಡು ಬಂದಳು.

ಅದಾಗಿ ಕೆಲವೇ ದಿನಗಳಿಗೆ, ಸೆಪ್ಟೆಂಬರ್ 11ರಂದು, ಕೊಲಂಬೊದಲ್ಲಿ ಪಾಕಿಸ್ತಾನದ ವಿರುದ್ಧ ರಾಹುಲ್ ಔಟಾಗದೆ 111 ರನ್ ಹೊಡೆದರು. ಏಷ್ಯಾ ಕಪ್‌ನ ಮೊದಲ ಎರಡು ಪಂದ್ಯಗಳಿಗೆ ಅವರು ಸಿದ್ಧರಿರಲಿಲ್ಲ. ಈ ಪಂದ್ಯಕ್ಕೂ ಶ್ರೇಯಸ್ ಅಯ್ಯರ್ ಬೆನ್ನು ಹಿಡಿದುಕೊಂಡಿದ್ದರಿಂದ ಕೊನೆಯ ಗಳಿಗೆಯಲ್ಲಿ ಸೇರಿದವರು. ಮರುದಿನ ಹುಡುಗಿ ನನ್ನನ್ನು ಕಾರಿಡಾರಿನಲ್ಲಿ ನಿಲ್ಲಿಸಿ, 'ಅವ್ರಿಗೆ ನಾಲ್ಕು ತಿಂಗ್ಳು. ನನಗ್ಯಾಕೆ ಒಂಬತ್ತಾದ್ರೂ ಸಾಲ್ಲಿಲ್ಲ?' ಎಂದು ಕೇಳಿದಳು.

ಒಳ್ಳೆಯ ಪ್ರಶ್ನೆ. ತೊಡೆ ಬೇರೆ, ಮಂಡಿ ಬೇರೆ ಎಂದೆ. ರಕ್ತ ಸಂಚಾರ ಚೆನ್ನಾಗಿರುವ ಸ್ನಾಯುವಿನ ಗಾಯ ಮಾಯುವ ವೇಗವೇ ಬೇರೆ, ಮಂಡಿಯೊಳಗೆ ಕಸಿ ಮಾಡಿದ ರಜ್ಜು ಬೇರೂರುವ ವೇಗವೇ ಬೇರೆ. ಅವರ ಬಳಿ ಇಡೀ ದಿನ ತಜ್ಞರಿರುತ್ತಾರೆ, ನಿನ್ನ ಬಳಿ ವಾರಕ್ಕೆ ಮೂರು ಬಸ್ಸು. ಇನ್ನೊಬ್ಬರ ಕ್ಯಾಲೆಂಡರ್ ನೋಡಿ ನಮ್ಮ ಗಾಯ ವಾಸಿಯಾಗುವುದಿಲ್ಲ. ಆಮೇಲೆ, ಇಪ್ಪತ್ತು ವರ್ಷ ಹೇಳದೆ ಬಿಟ್ಟಿದ್ದ ಕಥೆಯ ಇನ್ನೊಂದು ಭಾಗವನ್ನೂ ಹೇಳಿದೆ.

ಆಂಟಿಗಾದಲ್ಲಿ ಪಟ್ಟಿ ಕಟ್ಟಿಕೊಂಡು ಆಡಿದ ಕುಂಬ್ಳೆ, ಅದಾದ ಕೂಡಲೇ ಶಸ್ತ್ರಚಿಕಿತ್ಸೆಗೆಂದು ಬೆಂಗಳೂರಿನ ವಿಮಾನ ಹತ್ತಿದರು. ದವಡೆ ಮುರಿದಿತ್ತು ನಿಜ, ಚೆಂಡು ಎಸೆಯುವ ಭುಜ ಗಟ್ಟಿಯಾಗಿತ್ತು. ಆ ಭುಜ ಗಟ್ಟಿಯಾದದ್ದು ಹೇಗೆ? ಅದಕ್ಕೆ ಒಂದು ವರ್ಷ ಮುಂಚೆ ಅದೇ ಭುಜಕ್ಕೆ ದಕ್ಷಿಣ ಆಫ್ರಿಕಾದಲ್ಲಿ ಶಸ್ತ್ರಚಿಕಿತ್ಸೆಯಾಗಿ, ಅವರು ಹೆಚ್ಚುಕಡಿಮೆ ಒಂದು ವರ್ಷ ಟೆಸ್ಟ್ ಆಡಿರಲಿಲ್ಲ. 2001ರ ಮಾರ್ಚ್‌ನಲ್ಲಿ ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ಭಾರತ ಆಸ್ಟ್ರೇಲಿಯವನ್ನು ಸೋಲಿಸಿದಾಗ ಕುಂಬ್ಳೆ ತಂಡದಲ್ಲಿರಲಿಲ್ಲ. ಹರಭಜನ್ ಸಿಂಗ್ ಆ ಸರಣಿಯಲ್ಲಿ 32 ವಿಕೆಟ್ ತೆಗೆದು ಅವರ ಜಾಗದಲ್ಲಿ ಮಿಂಚುತ್ತಿದ್ದರು. ಅಂಥ ಹೊತ್ತಿನಲ್ಲಿ ಭುಜಕ್ಕೆ ವ್ಯಾಯಾಮ ಮಾಡುತ್ತ ಕಾಯುವುದು ಎಷ್ಟು ಕಷ್ಟವೆಂದು ಯೋಚಿಸಿ. ಕಾದರು. ಒಟ್ಟು 619 ಟೆಸ್ಟ್ ವಿಕೆಟ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬಂದದ್ದು ಆ ಕಾಯುವಿಕೆಯ ನಂತರ. ಮೈಸೂರಿನ ಜಾವಗಲ್ ಶ್ರೀನಾಥ್ ಅವರದೂ ಇದೇ ಕಥೆ. 1997ರಲ್ಲಿ ಭುಜದ ಗಾಯದಿಂದ ವೆಸ್ಟ್ ಇಂಡೀಸ್ ಪ್ರವಾಸ ತಪ್ಪಿತು, ಶಸ್ತ್ರಚಿಕಿತ್ಸೆಯಾಯಿತು. ಮರಳಿ ಬಂದು 1999ರಲ್ಲಿ ಕೋಲ್ಕತ್ತದಲ್ಲಿ ಪಾಕಿಸ್ತಾನದ ವಿರುದ್ಧ ಒಂದೇ ಟೆಸ್ಟ್‌ನಲ್ಲಿ 13 ವಿಕೆಟ್ ಪಡೆದರು. 2003ರ ವಿಶ್ವಕಪ್ ಫೈನಲ್‌ವರೆಗೂ ಆಡಿದರು.

ಪಟ್ಟಿ ಕಟ್ಟಿದ ಚಿತ್ರ ಎಲ್ಲರಿಗೂ ನೆನಪಿದೆ. ವ್ಯಾಯಾಮದ ಆ ವರ್ಷದ ಚಿತ್ರ ಯಾರ ಬಳಿಯೂ ಇಲ್ಲ. ಮೇಷ್ಟ್ರಾದ ನಾನು ಮೊದಲನೆಯದನ್ನು ಮಾತ್ರ ಮಕ್ಕಳಿಗೆ ತೋರಿಸಿದ್ದೆ. ಇಷ್ಟನ್ನೂ ಹೇಳಿ, 'ನನ್ನಿಂದ ತಪ್ಪಾಯಿತು ಕಣಮ್ಮ' ಎಂದೆ. ಹುಡುಗಿಗೆ ಏನು ಹೇಳಬೇಕೆಂದು ತೋಚಲಿಲ್ಲ. 'ಹೋಗ್ಲಿ ಬಿಡಿ ಸಾರ್, ಬೆಲ್ ಹೊಡೀತು' ಎಂದು ಓಡಿದಳು. ಓಡಿದ್ದನ್ನು ನಾನು ಗಮನಿಸಿದೆ. ಎರಡೂ ಕಾಲಿನ ಹೆಜ್ಜೆ ಒಂದೇ ಸಮನಾಗಿತ್ತು.

ಪೋಷಕರಿಗೆ ನಾಲ್ಕು ಮಾತು ಹೇಳಬೇಕು. ಆಟದಲ್ಲಿ ಮಗುವಿಗೆ ಪೆಟ್ಟಾದಾಗ 'ಟಪ್' ಎಂಬ ಸದ್ದು ಕೇಳಿದ್ದರೆ, ಕೆಲವೇ ಗಂಟೆಗಳಲ್ಲಿ ಮಂಡಿ ಊದಿಕೊಂಡರೆ, ನಡೆಯುವಾಗ ಕಾಲು ಕುಸಿದಂತಾದರೆ, ಅದು ಬರೀ ಉಳುಕಲ್ಲ. ಕಾಲಿನ ಹರಡಿಗೆ ಪೆಟ್ಟಾದಾಗ ಎಕ್ಸ್‌ರೇ ಬೇಕೇ ಎಂದು ತೀರ್ಮಾನಿಸಲು ಕೆನಡಾದ ವೈದ್ಯರು 1992ರಲ್ಲಿ ಒಂದು ಸುಲಭ ಸೂತ್ರ ಕೊಟ್ಟಿದ್ದಾರೆ. ನಾಲ್ಕು ಹೆಜ್ಜೆ ಭಾರ ಹಾಕಿ ನಡೆಯಲು ಆಗದಿದ್ದರೆ, ಅಥವಾ ಹರಡಿನ ಎರಡು ಪಕ್ಕದ ಉಬ್ಬು ಮೂಳೆಯ ತುದಿಯನ್ನೋ ಹಿಂದಿನ ಅಂಚನ್ನೋ ಒತ್ತಿದರೆ ನೋವಾದರೆ, ಎಕ್ಸ್‌ರೇ ತೆಗೆಸಿ. ಮೊದಲ ಕೆಲವು ದಿನ ನೀವುವುದು, ಎಳೆಯುವುದು ಬೇಡವೇ ಬೇಡ.

ಐಸ್ ವಿಚಾರದಲ್ಲೂ ಒಂದು ಸ್ವಾರಸ್ಯವಿದೆ. ವಿಶ್ರಾಂತಿ, ಐಸ್, ಬಿಗಿ ಪಟ್ಟಿ, ಕಾಲು ಎತ್ತರಿಸುವುದು ಎಂಬ ಪ್ರಸಿದ್ಧ ಸೂತ್ರವನ್ನು 1978ರಲ್ಲಿ ಕೊಟ್ಟವರು ಅಮೆರಿಕದ ಡಾಕ್ಟರ್ ಗೇಬ್ ಮಿರ್ಕಿನ್. ಐಸನ್ನೂ ಪೂರ್ಣ ವಿಶ್ರಾಂತಿಯನ್ನೂ ಅತಿಯಾಗಿ ಬಳಸಿದರೆ ಗಾಯ ಮಾಯುವುದು ತಡವಾಗಬಹುದು ಎಂದು ದಶಕಗಳ ನಂತರ ತಮ್ಮ ಮಾತನ್ನು ತಿದ್ದಿಕೊಂಡವರೂ ಅವರೇ. ನೋವು ತಗ್ಗಲು ಮೊದಲ ದಿನ ಐಸನ್ನು ಬಟ್ಟೆಯಲ್ಲಿ ಸುತ್ತಿ ಹತ್ತು ನಿಮಿಷ ಇಟ್ಟರೆ ಸಾಕು. ಗಂಭೀರ ಗಾಯವಿಲ್ಲವೆಂದು ವೈದ್ಯರು ಹೇಳಿದ ಮೇಲೆ ತಿಂಗಳುಗಟ್ಟಲೆ ಮಲಗಿಸುವುದಕ್ಕಿಂತ ಹದವಾಗಿ ಓಡಾಡಿಸುವುದು ಮೇಲು. ತಪ್ಪನ್ನು ತಿದ್ದಿಕೊಳ್ಳುವ ವಿಜ್ಞಾನಿಯನ್ನು ನೋಡಿದರೆ ನನ್ನಂಥವನಿಗೆ ಸ್ವಲ್ಪ ಧೈರ್ಯ ಬರುತ್ತದೆ.

ಹೆಣ್ಣುಮಕ್ಕಳ ತಂದೆತಾಯಿಗಳಿಗೆ ಇನ್ನೊಂದು ಮಾತು. ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್‌ನಂಥ ಆಟಗಳಲ್ಲಿ ಹುಡುಗಿಯರ ಎ.ಸಿ.ಎಲ್. ಹರಿಯುವ ಪ್ರಮಾಣ ಹುಡುಗರಿಗಿಂತ ಎರಡು ಮೂರು ಪಟ್ಟು ಹೆಚ್ಚು. ಹಾಗೆಂದು ಆಟ ಬಿಡಿಸಬೇಡಿ. ಆಡುವ ಮುನ್ನ ಇಪ್ಪತ್ತು ನಿಮಿಷ ಸರಿಯಾದ ವ್ಯಾಯಾಮ ಮಾಡಿಸಿ. ನೆಗೆದು ಇಳಿಯುವಾಗ ಮಂಡಿ ಒಳಕ್ಕೆ ಬಾಗದೆ ಪಾದದ ನೇರಕ್ಕೇ ಇರುವಂತೆ ಕಲಿಸಿ. ಫಿಫಾ ಸಂಸ್ಥೆ ಫುಟ್‌ಬಾಲ್ ಆಟಗಾರರಿಗೆಂದು ರೂಪಿಸಿದ ಇಂಥ ವ್ಯಾಯಾಮದಿಂದ ಗಾಯಗಳು ಮೂರನೆಯ ಒಂದು ಭಾಗದಷ್ಟು ಇಳಿದದ್ದು ಕಂಡುಬಂದಿದೆ. ಇದಕ್ಕೆ ಕಾಸಿನ ಖರ್ಚಿಲ್ಲ. ಹಾಗೆಯೇ ಫಿಸಿಯೋಥೆರಪಿಗೆ ಹೋಗುವಾಗ ಅದನ್ನು ಓದಿ ಪದವಿ ಪಡೆದವರ ಬಳಿಗೇ ಹೋಗಿ. ಈ ವೃತ್ತಿಗೆ 2021ರಲ್ಲಿ ಕೇಂದ್ರದ ಕಾನೂನು ಬಂದಿದೆ. ಓದಿಗೆ ಯಾವ ದಾರಿ ಎಂದು ಯೋಚಿಸುತ್ತಿರುವ ವಿದ್ಯಾರ್ಥಿಗಳೂ ಇದನ್ನು ಗಮನಿಸಬಹುದು.

ಆ ವರ್ಷದ ನವೆಂಬರ್‌ನಲ್ಲಿ ಹುಡುಗಿ ಮತ್ತೆ ನೆಗೆದಾಗ 112 ಸೆಂಟಿಮೀಟರ್ ಬಂತು. ಶೇಕಡ 93. ಬಲದ ಪರೀಕ್ಷೆಯೂ ದಾಟಿತು. ಆದರೆ ಆಗ ಶಾಲಾ ಪಂದ್ಯಗಳೆಲ್ಲ ಮುಗಿದಿದ್ದವು. ಅವಳು ಮತ್ತೆ ಪಂದ್ಯಕ್ಕೆ ಇಳಿದದ್ದು 2024ರಲ್ಲಿ, ಪಿಯುಸಿ ಸೇರಿದ ಮೇಲೆ, ಕಾಲೇಜು ತಂಡದಲ್ಲಿ. ನಾನೂ ಅವಳ ಅಪ್ಪನೂ ಹೋಗಿ ಬೇಲಿಯ ಹತ್ತಿರ ನಿಂತಿದ್ದೆವು. ಅವಳು ಬೋನಸ್ ಗೆರೆ ತುಳಿದು ತಿರುಗಿದಾಗ ಇಬ್ಬರೂ ಉಸಿರು ಬಿಗಿಹಿಡಿದೆವು. ಸಿಕ್ಕಿಬಿದ್ದಳು. ಮಣ್ಣು ಕೊಡವಿಕೊಂಡು ಎದ್ದು ಹೊರಗೆ ಬಂದು ಕುಳಿತಳು. ಅವಳು ಸಿಕ್ಕಿಬಿದ್ದದ್ದಕ್ಕೆ ಅಷ್ಟು ಸಂತೋಷಪಟ್ಟವರು ಆ ಮೈದಾನದಲ್ಲಿ ನಾವಿಬ್ಬರೇ ಇರಬೇಕು.

ಈಚೆಗೆ ನನ್ನ ಬಲ ಭುಜ ಹಿಡಿದುಕೊಂಡಿದೆ. ಸಕ್ಕರೆ ಕಾಯಿಲೆಯವರಿಗೆ ಇದು ಹೆಚ್ಚಂತೆ. ಕಪ್ಪು ಹಲಗೆಯ ಮೇಲಿನ ಸಾಲಿಗೆ ಕೈ ಏಳುವುದಿಲ್ಲ. ನನ್ನ ಪಾಠವೆಲ್ಲ ಹಲಗೆಯ ಕೆಳಗಿನ ಅರ್ಧದಲ್ಲೇ ನಡೆಯುತ್ತಿದೆ. ತುಮಕೂರಿನ ಅದೇ ಫಿಸಿಯೋಥೆರಪಿಯವರು ನೋಡಿ, ಮುಂದಕ್ಕೆ ಬಾಗಿ ಕೈಯನ್ನು ಇಳಿಬಿಟ್ಟು ಗಡಿಯಾರದ ಲೋಲಕದಂತೆ ತೂಗಾಡಿಸಲು ಹೇಳಿದ್ದಾರೆ. ಸರಳ ಲೋಲಕದ ಪಾಠವನ್ನು ಇಷ್ಟು ವರ್ಷ ಮಾಡಿದವನು ಈಗ ತಾನೇ ಲೋಲಕವಾಗಿದ್ದೇನೆ. ಹತ್ತು ದಿನ ಮಾಡಿದೆ. ನೋವು ಸ್ವಲ್ಪ ಕಡಿಮೆಯಾಯಿತು. ಬಿಟ್ಟೆ.

ಕಳೆದ ತಿಂಗಳು ಬೆಳ್ಳಾವಿಯ ಬಸ್ ನಿಲ್ದಾಣದಲ್ಲಿ ಹುಡುಗಿ ಸಿಕ್ಕಿದಳು. ನಾನು ಎಡಗೈಯಲ್ಲಿ ಚೀಲ ಹಿಡಿದಿದ್ದನ್ನು ನೋಡಿ ವಿಚಾರಿಸಿದಳು. ಹೇಳಿದೆ. 'ವ್ಯಾಯಾಮ ಮಾಡ್ತಿದೀರಾ ಸಾರ್?' ಎಂದಳು. 'ಈಗ ನೋವಿಲ್ಲಮ್ಮ' ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು. ಒಂದು ಮಾತೂ ಆಡಲಿಲ್ಲ.

ಆ ರಾತ್ರಿಯಿಂದ ಮತ್ತೆ ಲೋಲಕ ಶುರುವಾಗಿದೆ.